ಸಹಿ ಕೇಳಿದ ರೀತಿ: ಒಂದು ತೆಂಗಿನ ತೋಟದ ಮನೆಯ ಪ್ರಕರಣ

ಇದು ತುಮಕೂರು ಮತ್ತು ಹಾಸನದ ನಡುವಿನ ತೆಂಗಿನ ಸೀಮೆಯ ಒಂದು ಕುಟುಂಬದ ಪ್ರಕರಣ. ಅಣ್ಣ, ತಂಗಿ, ತಮ್ಮ ಮೂವರ ನಡುವೆ ಒಂದು ಸಹಿಯ ವಿಚಾರಕ್ಕೆ ಮಾತು ನಿಂತುಹೋಗಿತ್ತು. ವಿಷಯ ಲಾಯರ್ ನೋಟಿಸ್‌ವರೆಗೂ ಹೋಗಿತ್ತು. ಕೊನೆಗೆ ಕೋರ್ಟು ಹತ್ತದೆ ಬಗೆಹರಿಯಿತು.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ತಂಗಿ, ತಮ್ಮ ಇಬ್ಬರೂ ನನ್ನ ವಿದ್ಯಾರ್ಥಿಗಳು. ಆ ಸಲುಗೆಯಿಂದ ನನ್ನನ್ನು ಮಧ್ಯೆ ಕೂರಲು ಕರೆದರು. ಮೂವರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದೇ ಥರ ಮಾತು ನಿಂತಿರುವ ಮನೆಗಳು ನಮ್ಮ ಸುತ್ತ ಬಹಳ ಇವೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾಗಲಿ ಎಂದು ಆ ಮೂವರೂ ಬಯಸಿದರು.

ಹಿನ್ನೆಲೆ

ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಪಿತ್ರಾರ್ಜಿತ ತೆಂಗಿನ ತೋಟ, ಪಕ್ಕದಲ್ಲಿ ರಾಗಿ ಹೊಲ, ಒಂದು ಬೋರ್‌ವೆಲ್, ಹಳೆಯ ಹೆಂಚಿನ ಮನೆ. ಇಷ್ಟು ಆಸ್ತಿ. ಅಣ್ಣ ಊರಲ್ಲೇ ಉಳಿದು ತೋಟ ನೋಡಿಕೊಂಡವನು. ಅಮ್ಮ ಅವನ ಜೊತೆಗಿದ್ದಾರೆ. ತಂಗಿ ಬೇರೆ ತಾಲ್ಲೂಕಿಗೆ ಮದುವೆಯಾಗಿ ಹೋದವಳು. ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರಕ್ಕೆ ಆಸರೆಯಾಗಿದ್ದಾಳೆ. ತಮ್ಮ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ.

ಈ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗುವವರೆಗೆ ವರ್ಷದ ಹತ್ತಿರ ಬಿಡುತ್ತಾರೆ. ಆಮೇಲೆ ಸುಲಿದರೆ ಉಂಡೆ ಕೊಬ್ಬರಿ. ಅದು ತಿಪಟೂರು ಮಾರುಕಟ್ಟೆಗೆ ಹೋಗುತ್ತದೆ. ಮನೆಗೆ ದೊಡ್ಡ ದುಡ್ಡು ಬರುವುದು ಆಗಲೇ. ಅಪ್ಪ ಇದ್ದಷ್ಟು ದಿನ ಕೊಬ್ಬರಿ ಸುಲಿದಾಗೆಲ್ಲ ಮಗಳ ಮನೆಗೆ ಒಂದು ಚೀಲ ಹೋಗುತ್ತಿತ್ತು. ಗೌರಿ ಹಬ್ಬಕ್ಕೆ ಅಣ್ಣ ತಾನೇ ಬಾಗಿನ ತೆಗೆದುಕೊಂಡು ತಂಗಿಯ ಮನೆಗೆ ಹೋಗುತ್ತಿದ್ದ. ಅಪ್ಪ ಹೋದ ಮೇಲೆ ಕೊಬ್ಬರಿ ಚೀಲ ಬರಲಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ಅಣ್ಣನೂ ಬರಲಿಲ್ಲ. ಫೋನ್‌ಪೇಯಲ್ಲಿ ಒಂದಿಷ್ಟು ದುಡ್ಡು ಬಂತು.

ಕಾನೂನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸ್ಪಷ್ಟ ಮಾಡಿತು. ಹಾಗಾಗಿ ತಂಗಿಯನ್ನು ಬಿಟ್ಟು ಈ ಮನೆಯ ಒಂದು ಗುಂಟೆಯನ್ನೂ ಭಾಗ ಮಾಡುವಂತಿರಲಿಲ್ಲ.

ಅಣ್ಣನಿಗೆ ಅವಸರವಿತ್ತು. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಡ್ರಿಪ್ ಸಬ್ಸಿಡಿ ಬೇಕಾದರೂ, ಬೆಳೆ ಸಾಲ ಬೇಕಾದರೂ ಅವನ ಹೆಸರಿಗೆ ಪಹಣಿ ಬರಬೇಕಿತ್ತು.

ಮಾತು ಕೆಟ್ಟ ಬಗೆ

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಅಣ್ಣ ಒಂದು ಹಕ್ಕು ಖುಲಾಸೆ ಪತ್ರ ಬರೆಸಿದ. ತಂಗಿ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುತ್ತಾಳೆ ಎಂಬ ಪತ್ರ. ನಮ್ಮ ಕಡೆ ಇದು ಮಾಮೂಲಿ. ಅರಿಶಿನ ಕುಂಕುಮದ ಹೆಸರಲ್ಲಿ ಸ್ವಲ್ಪ ದುಡ್ಡು, ಒಂದು ಸೀರೆ ಕೊಟ್ಟು ಹೆಣ್ಣುಮಕ್ಕಳನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ಹೆಣ್ಣುಮಕ್ಕಳು ತವರು ತಪ್ಪಿಹೋದೀತು ಅನ್ನೋ ಭಯಕ್ಕೇ ಸಹಿ ಹಾಕುತ್ತಾರೆ.

ತಂಗಿಯ ಹತ್ತಿರ ಆಸ್ತಿ ಮಾತು ಎತ್ತಲು ಅಣ್ಣನಿಗೆ ಸಂಕೋಚ. ಅದಕ್ಕೆ ಸೋದರಮಾವನನ್ನು ಕಳಿಸಿದ. ಅಣ್ಣ ಅವರಿಗೆ ಹೇಳಿದ್ದು: "ವಿಷಯ ತಿಳಿಸಿ ಮಾವ, ಏನಂತಾಳೋ ನೋಡಿ." ಮಾವ ಅಲ್ಲಿ ಹೋಗಿ ಹೇಳಿದ್ದು: "ಎಲ್ಲ ರೆಡಿ ಮಾಡಿಸಿದಾರಮ್ಮ, ನೀನು ಬಂದು ಸೈನ್ ಹಾಕಿದ್ರೆ ಆಯ್ತು. ನಿನ್ನ ಮದುವೆಗೆ ಅವರೇನು ಕಮ್ಮಿ ಖರ್ಚು ಮಾಡಿದ್ರಾ?" ಮಾವನದು ಕೆಟ್ಟ ಬುದ್ಧಿಯಲ್ಲ. ಕೆಲಸ ಬೇಗ ಮುಗಿಯಲಿ ಎಂದು ಅವರಿಗೆ ತೋಚಿದ ಹಾಗೆ ಹೇಳಿದ್ದರು. ತಂಗಿ ಕಾಫಿ ಕೊಟ್ಟು ಕಳಿಸಿದಳು. ಅಣ್ಣನಿಗೆ ಫೋನ್ ಮಾಡಲಿಲ್ಲ. ಅಣ್ಣನೂ ಮಾಡಲಿಲ್ಲ.

ಎರಡು ವಾರ ಕಳೆದು ಮನೆಯ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಆ ಪತ್ರದ ಫೋಟೋ ಹಾಕಿದ. ಕೆಳಗೆ ಬರೆದ: "ಅಕ್ಕ, ಶುಕ್ರವಾರದೊಳಗೆ ಆದ್ರೆ ಒಳ್ಳೇದು, ಆಮೇಲೆ ನನಗೆ ರಜೆ ಸಿಗಲ್ಲ." ಅವನ ತಲೆಯಲ್ಲಿದ್ದದ್ದು ತನ್ನ ರಜೆ. ಅಕ್ಕನಿಗೆ ಅದು ಗಡುವಿನ ಹಾಗೆ ಕಂಡಿತು. ಅವಳ ಗಂಡ ಅವಳ ಫೋನಿನಿಂದಲೇ "ಕಾನೂನು ಪ್ರಕಾರ ಏನಿದೆಯೋ ಹಂಗೆ ನೋಡ್ಕೊಳ್ಳೋಣ" ಎಂದು ಉತ್ತರಿಸಿದರು. ಅಣ್ಣತಮ್ಮಂದಿರು ಅದನ್ನು ಅವಳದೇ ಮಾತು ಎಂದುಕೊಂಡರು. ಅವಳು ಗುಂಪು ಬಿಟ್ಟಳು. ತಿಂಗಳೊಳಗೆ ಪಾಲು ಕೇಳಿ ನೋಟಿಸ್ ಬಂತು.

ನಂಟರು ಸೇರಿ ಊರ ಮನೆಯಲ್ಲಿ ಒಂದು ಪಂಚಾಯಿತಿ ಮಾಡಿದರು. ಮನೆ ತುಂಬ ಜನ. ಎಲ್ಲರೂ ಮಾತಾಡಿದರು, ಆ ಮೂವರನ್ನು ಬಿಟ್ಟು. ಒಬ್ಬರು ಅಮ್ಮನನ್ನೇ ಕೇಳಿಬಿಟ್ಟರು: "ನೀವು ಯಾರ ಕಡೆ ಹೇಳಿ." ಅಮ್ಮ ಅತ್ತರು. ತಂಗಿ ಊಟ ಮಾಡದೆ ಎದ್ದು ಹೋದಳು. ತವರಿನಿಂದ ಹೆಣ್ಣುಮಗಳು ಉಣ್ಣದೆ ಹೋಗುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಅದಾದ ಮೇಲೆ ತಮ್ಮ ನನಗೆ ಫೋನ್ ಮಾಡಿದ.

ಒಬ್ಬೊಬ್ಬರನ್ನೇ ಕೇಳಿದ್ದು

ಮೂವರನ್ನೂ ತಕ್ಷಣ ಒಟ್ಟಿಗೆ ಕೂರಿಸುವುದು ಬೇಡ ಎಂದುಕೊಂಡೆ. ಒಮ್ಮೆ ಮುರಿದ ಕೂಟ ಮತ್ತೊಮ್ಮೆ ಮುರಿದರೆ ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಮೊದಲು ಬೇರೆ ಬೇರೆ ಮಾತಾಡಿದೆ.

ಅಣ್ಣ ಬಹಳ ಹೊತ್ತು ಬೋರ್‌ವೆಲ್, ಮೋಟಾರು, ಕಾಯಿ ಕೀಳುವವರು ಸಿಗದಿರುವುದು, ಇದನ್ನೇ ಹೇಳಿದ. ನಾನು ತಡೆಯಲಿಲ್ಲ. ಕೊನೆಗೆ ಅಪ್ಪನ ಆಸ್ಪತ್ರೆಯ ದಿನಗಳಿಗೆ ಬಂದ. ಕಂಪನಿಯ ವಿಮೆಯಲ್ಲಿ ಎಲ್ಲ ಆಯಿತು ಎಂದು ತಮ್ಮ ನಂಬಿದ್ದ. ಪೂರ್ತಿ ಆಗಿರಲಿಲ್ಲ. ಉಳಿದ ಬಿಲ್ಲಿಗೆ ಅಣ್ಣ ಹೆಂಡತಿಯ ಬಳೆ ಅಡ ಇಟ್ಟಿದ್ದ. ಅಟ್ಟದ ಮೇಲಿದ್ದ ಕೊಬ್ಬರಿಯನ್ನೆಲ್ಲ ಒಂದೇ ಸಲ ಮಾರಿದ್ದ. ಒಂದು ಚೀಲವನ್ನೂ ಉಳಿಸಿಕೊಂಡಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. "ತಂಗಿ ಮನೇಲಿ ಮಗಳ ಕಾಲೇಜ್ ಫೀಸಿಗೆ ಒದ್ದಾಡ್ತಿದ್ರು ಮೇಡಂ. ಇದನ್ನ ಹೇಳಿ ಅವಳಿಗೆ ಇನ್ನೊಂದು ಚಿಂತೆ ಯಾಕೆ?" ಹಬ್ಬಕ್ಕೆ ಹೋಗದಿದ್ದಕ್ಕೂ ಅದೇ ಕಾರಣ. ಬರಿಗೈಲಿ ತಂಗಿಯ ಮುಂದೆ ನಿಲ್ಲಲು ಅವನಿಗೆ ನಾಚಿಕೆಯಾಗಿತ್ತು.

ತಂಗಿ ಮೊದಲು ಪಾಲಿನ ಬಗ್ಗೆಯೇ ಮಾತಾಡಿದಳು. ಅವಳ ವಾದ ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ: "ಈ ಕಾಗದ ನಿನ್ನ ಕೈಗೆ ಹೇಗೆ ಬಂದಿದ್ರೆ ನಿನಗೆ ಸರಿ ಅನಿಸ್ತಿತ್ತು?" ಅವಳು ತುಸು ಹೊತ್ತು ಸುಮ್ಮನಿದ್ದಳು. "ಅಣ್ಣನೇ ಬಂದು ಕೇಳಿದ್ರೆ ಬಹುಶಃ ಹಾಕೇಬಿಡ್ತಿದ್ದೆ ಮೇಡಂ. ಈಗ ಹಾಕಲ್ಲ."

ಈ ಪ್ರಕರಣದ ಮುಖ್ಯ ತೀರ್ಮಾನ ಇಲ್ಲೇ ಎದುರಾಯಿತು. ಆ ಮಾತನ್ನು ಅಣ್ಣನಿಗೆ ಮುಟ್ಟಿಸಿದ್ದರೆ ಅವನು ಮರುದಿನವೇ ಹಣ್ಣು ಕಾಯಿ ಹಿಡಿದು ಹೋಗುತ್ತಿದ್ದ. ಸಹಿಯೂ ಸಿಗುತ್ತಿತ್ತೇನೋ. ನಾನು ಮುಟ್ಟಿಸಲಿಲ್ಲ. ಮಾವನೂ ಭಾವನೂ ನಡುವೆ ಮಾತು ಸಾಗಿಸಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ನಾನು ಮೂರನೆಯವಳಾಗುವುದು ಬೇಡವಿತ್ತು. ಅದಕ್ಕಿಂತ ದೊಡ್ಡ ಕಾರಣವೂ ಇತ್ತು. ಹೀಗೆ ಕೇಳಿದರೆ ಹೀಗೆ ಒಪ್ಪುತ್ತಾಳೆ ಎಂದು ಹೇಳಿಕೊಟ್ಟರೆ ಅಲ್ಲಿ ಪ್ರೀತಿ ಸಹಿ ತೆಗೆಯುವ ಉಪಾಯವಾಗಿಬಿಡುತ್ತದೆ. ಅವಳಿಗೆ ಎಂದಾದರೂ ಗೊತ್ತಾದರೆ ಆ ನೋವು ಇನ್ನೂ ಜಾಸ್ತಿ.

ಬದಲಿಗೆ, ಎರಡೂ ಕಡೆಗೆ ಸಂಬಂಧವಿಲ್ಲದ ಒಬ್ಬ ವಕೀಲರ ಹತ್ತಿರ ಅವಳನ್ನು ಕಳಿಸಿದೆ. ಅವಳ ಪಾಲು ಎಷ್ಟು, ಬಿಟ್ಟುಕೊಟ್ಟರೆ ಏನಾಗುತ್ತದೆ, ಬಿಡದಿದ್ದರೆ ಏನಾಗುತ್ತದೆ, ಎಲ್ಲ ತಿಳಿದುಕೊಂಡು ಬರಲಿ ಎಂದು. ಅಣ್ಣತಮ್ಮಂದಿರಿಗೆ ಇದು ತಿಳಿದು ಸಿಟ್ಟು ಬಂತು. "ಮೇಡಂ, ನೀವು ಯಾರ ಕಡೆ?" ಎಂದು ತಮ್ಮ ಕೇಳಿಯೇಬಿಟ್ಟ. ಗೊತ್ತಿಲ್ಲದೆ ಹಾಕಿದ ಸಹಿ ನಾಳೆ ನಿಮ್ಮ ಮಕ್ಕಳ ಕಾಲಕ್ಕೆ ದಾವೆಯಾಗಿ ಎದ್ದು ಬರುತ್ತದೆ ಎಂದೆ. ಅವನು ಅದೇ ವಕೀಲರನ್ನು ತಾನೂ ಹೋಗಿ ಕಂಡ. ಅವರು ಒಂದು ಮಾತು ಹೇಳಿದ್ದರಂತೆ. ಕೋರ್ಟಿಗೆ ಹೋದರೂ ನ್ಯಾಯಾಧೀಶರು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ ಪ್ರಕಾರ ಮಧ್ಯಸ್ಥಿಕೆಗೆ ಕಳಿಸಬಹುದು. ಬೆಂಗಳೂರಿನಲ್ಲಿ 2007ರಿಂದಲೇ ಅದಕ್ಕೊಂದು ಕೇಂದ್ರವಿದೆ. ಅಲ್ಲಿಯೂ ಕೊನೆಗೆ ನೀವೇ ಮೂವರು ಎದುರುಬದುರು ಕೂತು ಮಾತಾಡಬೇಕು. ಆ ಮಾತು ತಮ್ಮನ ಮೇಲೆ ಕೆಲಸ ಮಾಡಿತು.

ಒಂದೇ ಕೋಣೆಯಲ್ಲಿ ಮೂವರು

ಎಲ್ಲಿ ಕೂರಬೇಕು ಅನ್ನೋದನ್ನು ತುಂಬ ಯೋಚಿಸಿದೆವು. ತವರಿನಲ್ಲಿ ಕೂತರೆ ಅವಳು ಅತಿಥಿ, ಅವಳ ಮನೆಯಲ್ಲಿ ಕೂತರೆ ಅಣ್ಣ ಅತಿಥಿ. ನನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತೆವು. ಫೋನುಗಳು ಒಳಗಿನ ಮೇಜಿನ ಮೇಲೆ. ಅಮ್ಮನನ್ನು ಕರೆಯಲಿಲ್ಲ. ಮಕ್ಕಳ ನಡುವೆ ತೀರ್ಪು ಕೊಡುವ ಭಾರ ಅವರ ಮೇಲೆ ಮತ್ತೆ ಬೀಳಬಾರದಿತ್ತು. ಭಾವನನ್ನು ಹೊರಗೆ ಇಡುವುದು ಕಷ್ಟವಾಯಿತು. ಅವರು ಹೆಂಡತಿಯ ಪರ ನಿಂತವರು, ಅದರಲ್ಲಿ ತಪ್ಪೇನೂ ಇಲ್ಲ. ಕೊನೆಯ ಕಾಗದ ಅವರು ನೋಡದೆ ಆಗುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಪ್ಪಿದರು.

ಒಂದೇ ನಿಯಮ ಇಟ್ಟೆ. ಇನ್ನೊಬ್ಬರು ಹೇಳಿದ್ದನ್ನು ಮೊದಲು ನಿಮ್ಮ ಬಾಯಲ್ಲಿ ತಿರುಗಿ ಹೇಳಬೇಕು. ಅವರು "ಹೌದು, ಅದೇ" ಅಂದ ಮೇಲೆ ಮಾತ್ರ ನಿಮ್ಮ ಮಾತು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರ ಒಂದು ಭಾಷಣದಲ್ಲಿ ಹೇಳಿದ ವಿಧಾನ ಇದು. ಕೇಳಲು ಸುಲಭ. ಸಿಟ್ಟಿನಲ್ಲಿರುವವರಿಗೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ, ಏಕೆಂದರೆ ಸಿಟ್ಟಿನಲ್ಲಿ ನಾವು ಕೇಳಿಸಿಕೊಳ್ಳುವುದು ಉತ್ತರ ಕೊಡುವುದಕ್ಕಾಗಿ.

ಮೊದಲು ಅಣ್ಣ ಮಾತಾಡಿದ. ಆಸ್ಪತ್ರೆಯ ಲೆಕ್ಕ ಬರೆದಿದ್ದ ನೋಟ್‌ಬುಕ್ ತಂದಿದ್ದ. ತರಬೇಕೋ ಬೇಡವೋ ಎಂದು ಅವನು ಕೇಳಿದ್ದಾಗ ನಾನು, "ನಿನಗೆ ತೋರಿಸಬೇಕು ಅನಿಸಿದ್ರೆ ತಾ" ಎಂದಿದ್ದೆ. ಒಂದೊಂದೇ ಸಾಲು ಓದಿದ. ಬಳೆ ಅಡ ಇಟ್ಟ ದಿನ, ಬಡ್ಡಿ, ಕೊಬ್ಬರಿ ಮಾರಿದ ದಿನ. ತಮ್ಮ ತಲೆ ತಗ್ಗಿಸಿದ. ಅವನಿಗೂ ಇದೆಲ್ಲ ಹೊಸದು. ತಂಗಿಯ ಸರದಿ ಬಂದಾಗ ಅವಳು ಹೇಳಿದಳು: "ಕೊಬ್ಬರಿ ಕಳಿಸದೆ ಇದ್ದಿದ್ದು ನನ್ನ ಬಿಟ್ಟಿದ್ದಲ್ಲ. ಅಪ್ಪನ ಆಸ್ಪತ್ರೆಗೆ ಮಾರಿಬಿಟ್ಟಿದ್ದ. ಅಲ್ವಾ ಅಣ್ಣ?" ಅಣ್ಣ ಹೌದು ಎಂದ.

ಈಗ ತಂಗಿಯ ಮಾತನ್ನು ಅಣ್ಣ ತಿರುಗಿ ಹೇಳಬೇಕಿತ್ತು. ಅದು ಅಷ್ಟು ಬೇಗ ಆಗಲಿಲ್ಲ. ಅವನು ಪದೇ ಪದೇ ಉತ್ತರ ಕೊಡಲು ಹೋಗುತ್ತಿದ್ದ. "ಪಾಲು ಬೇಕು ಅಂತಾಳೆ" ಅಂದ. "ಅಲ್ಲ" ಅಂದಳು. "ಮಾವನ್ನ ಕಳಿಸಿದ್ದು ತಪ್ಪಾಯ್ತು ಅಂತಾಳೆ" ಅಂದ. "ಅದೂ ಇದೆ, ಪೂರ್ತಿ ಅಲ್ಲ." ಅಣ್ಣನಿಗೆ ಬೇಸರ ಬಂತು, ಎದ್ದು ಹೋಗಿ ಬಾಗಿಲ ಬಳಿ ನಿಂತ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಅವನ ಬದಲು ನಾನೇ ಹೇಳಿಕೊಟ್ಟಿದ್ದರೆ ಅದು ನನ್ನ ಮಾತಾಗುತ್ತಿತ್ತು. ವಾಪಸ್ ಬಂದು ಕೂತ ಮೇಲೆ ಹೇಳಿದ: "ಕಾಗದ ಬರೆಸೋಕೆ ಮುಂಚೆ ಅವಳನ್ನ ಕೇಳಲಿಲ್ಲ. ಅವಳು ಹ್ಞೂಂ ಅಂದೇ ಅಂತಾಳೆ ಅಂತ ನಾವೇ ಅಂದ್ಕೊಂಡ್ವಿ. ಅವಳು ಇಲ್ಲ ಅನ್ನಬಹುದು ಅಂತ ನಮಗೆ ಅನಿಸಲೇ ಇಲ್ಲ."

ತಂಗಿ ತಲೆಯಾಡಿಸಿದಳು. ಅವತ್ತು ಅಲ್ಲಿಗೇ ಸಾಕು ಎಂದು ಎದ್ದೆವು. ತಮ್ಮನಿಗೆ ಅದೇ ದಿನ ಭಾಗದ ಮಾತನ್ನೂ ಮುಗಿಸಿಬಿಡುವ ಆಸೆಯಿತ್ತು. ಮನಸ್ಸು ಕರಗಿದ ಗಳಿಗೆಯಲ್ಲಿ ಆಸ್ತಿಯ ತೀರ್ಮಾನ ಮಾಡಿಸಿದರೆ ಆಮೇಲೆ ಮನೆಗೆ ಹೋಗಿ ಯೋಚಿಸಿದಾಗ ಮೋಸ ಹೋದ ಹಾಗೆ ಅನಿಸಬಹುದು. ಅದಕ್ಕೆ ಬೇಡ ಎಂದೆ.

ಅಣ್ಣ ಬರಿಗೈಲಿ ಹೋದದ್ದು

ಮುಂದಿನ ಭಾನುವಾರ ಅಣ್ಣ ತಾನಾಗೇ ತಂಗಿಯ ಮನೆಗೆ ಹೊರಟ. ಹೊರಡುವ ಮುಂಚೆ ಫೋನ್ ಮಾಡಿ, "ಕಾಗದ ತಗೊಂಡು ಹೋಗ್ಲಾ ಮೇಡಂ?" ಎಂದು ಕೇಳಿದ. ಬೇಡ ಎಂದೆ. ಅಲ್ಲಿ ಆಡಿದ ಮಾತನ್ನು ಆಮೇಲೆ ತಂಗಿಯೇ ನನಗೆ ಹೇಳಿದಳು. "ನಿನಗೆ ಪಾಲು ಬೇಕು ಅಂದ್ರೆ ತಗೋ. ಬೇಡ ಅಂದ್ರೂ ನಿನ್ನಿಷ್ಟ. ತೋಟದ ನಡುವೆ ಭಾಗ ಬಿದ್ರೆ ಬೋರಿನ ನೀರಿಗೆ ತಾಪತ್ರಯ, ಅದೊಂದೇ ನನ್ನ ಚಿಂತೆ. ನೀನು ಏನು ಹೇಳಿದ್ರೂ ಗೌರಿ ಹಬ್ಬಕ್ಕೆ ಬರ್ತೀನಿ."

ಅವಳು ಆ ದಿನ ಸಹಿ ಹಾಕಲಿಲ್ಲ. ಒಂದಷ್ಟು ದಿನ ಟೈಮ್ ಕೇಳಿದಳು. ಅಣ್ಣ ಸರಿ ಎಂದು ಊಟ ಮಾಡಿ ಬಂದ. ಆ ದಿನಗಳಲ್ಲಿ ಅವನು ಒಮ್ಮೆಯೂ ಜ್ಞಾಪಿಸಲಿಲ್ಲ. ಅವನಿಗೆ ಡ್ರಿಪ್ ಸಬ್ಸಿಡಿಯ ಅವಸರ ಇನ್ನೂ ಇತ್ತು ಅನ್ನೋದನ್ನು ನೆನೆದರೆ, ಇಡೀ ಪ್ರಕರಣದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವನ ಈ ಸುಮ್ಮನಿದ್ದ ದಿನಗಳೇ.

ಆಮೇಲೆ ತಂಗಿ ತನ್ನದೇ ಒಂದು ಯೋಜನೆ ಹೇಳಿದಳು. ತೋಟದಲ್ಲಿ ಅವಳಿಗೆ ಪಾಲು ಬೇಡ. ರಾಗಿ ಹೊಲದಲ್ಲಿ ಒಂದು ತುಂಡು ಅವಳ ಹೆಸರಿಗೆ ಬರಬೇಕು. ಭಾಗ ಆಗುವ ಮೊದಲು ಮುಂದಿನ ಕೊಬ್ಬರಿ ದುಡ್ಡಿನಲ್ಲಿ ಅತ್ತಿಗೆಯ ಬಳೆ ಬಿಡಿಸಬೇಕು. ಅಮ್ಮ ಇರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು ಅವರದು ಎಂದು ಕಾಗದದಲ್ಲೇ ಬರೆಯಬೇಕು. ಕಾನೂನಿನ ಲೆಕ್ಕಕ್ಕೆ ಅವಳು ಕಮ್ಮಿಯೇ ತೆಗೆದುಕೊಂಡಳು. ಅದು ತನಗೆ ಗೊತ್ತಿದೆ ಎಂದು ವಕೀಲರ ಮುಂದೆಯೇ ಹೇಳಿದಳು. ಇಷ್ಟೇ ಬೇಕು ಎಂದು ತಿಳಿದು ಹೇಳುವುದಕ್ಕೂ, ಇಷ್ಟೇ ಸಿಗುವುದು ಎಂದು ಒಪ್ಪಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಅವಳು ಪೂರ್ತಿ ಪಾಲು ಕೇಳಿದ್ದರೂ ಅದು ಅಷ್ಟೇ ಸರಿಯಾಗಿರುತ್ತಿತ್ತು.

ಜಮೀನು ಭಾಗ ಮಾಡುವಾಗ ಅಳತೆ ಮಾಡಿಸಿ ಪಡೆಯುವ 11ಇ ಎಂಬ ಸರ್ವೆ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಣಿ ಮಾಡಿಸಿದರು. ಬೋರ್‌ವೆಲ್ ನೀರು ಅಣ್ಣತಮ್ಮಂದಿರಿಗೆ ವಾರದಲ್ಲಿ ಯಾವ ದಿನ ಯಾರಿಗೆ ಎಂದು ಬರೆದುಕೊಂಡರು. ಕರಡನ್ನು ಎಲ್ಲರಿಗೂ ಒಂದೇ ದಿನ ಕಳಿಸಿದೆವು. ಭಾವ ಎರಡು ಕಡೆ ತಿದ್ದಿಸಿದರು. ಎರಡೂ ಒಳ್ಳೆಯ ತಿದ್ದುಪಡಿಗಳು.

ಬೇರೆಯವರಿಗೆ ಉಪಯೋಗ ಆಗಬಹುದಾದದ್ದು

ಇಂಥ ಮನೆಗಳಲ್ಲಿ ಮಾತು ಸಾಗಿಸುವವರನ್ನು ಮೊದಲು ನಿಲ್ಲಿಸಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಮಾವ, ಭಾವ, ವಾಟ್ಸಾಪ್ ಮೂರೂ ಇಲ್ಲಿ ಒಂದೇ ಕೆಲಸ ಮಾಡಿದವು. ಕೇಳಬೇಕಿದ್ದದ್ದು ಅಪ್ಪಣೆಯಾಗಿ ತಲುಪಿತು. ಸಂಕೋಚವಾಗುವ ಮಾತನ್ನೇ ನಾವು ಇನ್ನೊಬ್ಬರ ಕೈಲಿ ಕಳಿಸುತ್ತೇವೆ. ಆ ಸಂಕೋಚ ಎದುರಿಗಿದ್ದವರಿಗೆ ಕಾಣಬೇಕು. ಅಣ್ಣ ತೊದಲುತ್ತಾ ಕೇಳಿದ್ದರೂ ತಂಗಿಗೆ ಅವನ ಕಷ್ಟ ಕಾಣುತ್ತಿತ್ತು.

ಕಷ್ಟವನ್ನು ಮುಚ್ಚಿಡುವುದರ ಬಗ್ಗೆಯೂ ಯೋಚಿಸಬೇಕು. ನೋಯಿಸಬಾರದು ಎಂದು ಮುಚ್ಚಿಟ್ಟ ಸಾಲ ತಂಗಿಗೆ ದುರಾಸೆಯಾಗಿ ಕಂಡಿತು. ನಮ್ಮ ಮನೆಗಳಲ್ಲಿ ದುಡ್ಡಿನ ಕಷ್ಟ ಹೇಳಿಕೊಂಡರೆ ಸಹಾಯ ಕೇಳಿದ ಹಾಗೆ ಎಂಬ ಭಯವಿದೆ. "ಸಹಾಯ ಬೇಡ, ಸುಮ್ನೆ ನಿನಗೆ ಗೊತ್ತಿರಲಿ ಅಂತ ಹೇಳ್ತಿದೀನಿ" ಎಂದು ಮೊದಲೇ ಅಂದುಬಿಟ್ಟರೆ ಆ ಭಯ ಅರ್ಧ ಕಮ್ಮಿಯಾಗುತ್ತದೆ. ಹೇಳಲು ಒಳ್ಳೆಯ ಸಮಯ ಕಷ್ಟ ನಡೆಯುತ್ತಿರುವಾಗಲೇ. ಆಮೇಲೆ ಹೇಳಿದರೆ ಲೆಕ್ಕ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ಇನ್ನು ಕೇಳುವ ವಿಷಯ. ಎದುರಿಗಿದ್ದವರು ಇಲ್ಲ ಅಂದರೂ ಸಂಬಂಧ ಹಾಗೇ ಇರುತ್ತದೆ ಎಂದು ಅವರಿಗೆ ಗೊತ್ತಿರಬೇಕು. ಗೌರಿ ಹಬ್ಬಕ್ಕೆ ಹೇಗಿದ್ದರೂ ಬರುತ್ತೇನೆ ಎಂಬ ಅಣ್ಣನ ಒಂದು ವಾಕ್ಯ ಆ ಕೆಲಸ ಮಾಡಿತು. ಹೆಣ್ಣುಮಕ್ಕಳ ಸಹಿಯ ವಿಷಯದಲ್ಲಂತೂ ಇದು ಬಹಳ ಮುಖ್ಯ. ಅವರ ಮನಸ್ಸಿನಲ್ಲಿ ಸಹಿ ಮತ್ತು ತವರು ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಆ ಗಂಟನ್ನು ಬಿಚ್ಚಬೇಕಾದವರು ಅಣ್ಣತಮ್ಮಂದಿರು.

ಇನ್ನೂ ಉಳಿದದ್ದು

ಎಲ್ಲವೂ ಸರಿಹೋಗಲಿಲ್ಲ. ಅತ್ತಿಗೆ ಮತ್ತು ತಂಗಿಯ ನಡುವೆ ಈಗಲೂ ಎಷ್ಟು ಬೇಕೋ ಅಷ್ಟೇ ಮಾತು. ಅತ್ತಿಗೆಯ ಕಡೆಯಿಂದ ನೋಡಿದರೆ ಅವರ ನೋವು ನಿಜ. ಮಾವನವರನ್ನು, ಅಂದರೆ ಈ ಮೂವರ ಅಪ್ಪನನ್ನು, ಕೊನೆಯವರೆಗೆ ನೋಡಿಕೊಂಡವರು ಅವರು. ಬಳೆ ಬಿಚ್ಚಿಕೊಟ್ಟವರೂ ಅವರೇ. ಆಸ್ತಿ ಮಾತಿನಲ್ಲಿ ಸೊಸೆಗೆ ಕಾನೂನಿನ ಪಾಲಿಲ್ಲ, ಹಾಗಾಗಿ ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಮಾತಿಗೆ ಬನ್ನಿ ಎಂದು ನಾನು ಕರೆದಾಗ, "ನಂದೇನಿದೆ ಮೇಡಂ ಅದರಲ್ಲಿ" ಎಂದು ಒಳಗೆ ಹೋದರು.

ಬಳೆ ಬಿಡಿಸಿದ ದಿನ ತಂಗಿ ಅತ್ತಿಗೆಗೆ ಫೋನ್ ಮಾಡಿದ್ದಳು. ಅತ್ತಿಗೆ ಎತ್ತಿದರು, ಎರಡು ಮಾತಾಡಿ ಇಟ್ಟರು. ಇನ್ನೊಮ್ಮೆ ಮಾಡಲೋ, ಅವರೇ ಮಾಡುವವರೆಗೆ ಕಾಯಲೋ ಎಂದು ತಂಗಿ ನನ್ನನ್ನು ಕೇಳಿದಳು. ಫೋನ್ ಬೇಡ, ನೀನೇ ಹೋಗಿ ಅವರ ಪಕ್ಕ ಕೂತು ಆಸ್ಪತ್ರೆಯ ದಿನಗಳು ಹೇಗಿದ್ದವು ಅಂತ ಕೇಳು ಎಂದೆ. ಆ ಪ್ರಶ್ನೆಯನ್ನು ಅವರಿಗೆ ಈವರೆಗೆ ಯಾರೂ ಕೇಳಿಲ್ಲ. ಕೊಬ್ಬರಿ ಸುಲಿಯುವ ಹೊತ್ತಿಗೆ ಹೋಗುತ್ತೇನೆ ಎಂದಿದ್ದಾಳೆ.